ಏಣಿಯ ಬುಡ

ಏಣಿಯನ್ನು ಅಟ್ಟಕ್ಕೆ ಒರಗಿಸಿ ಅವಳು ಎರಡನೆಯ ಮೆಟ್ಟಿಲಿಗೆ ಕಾಲಿಟ್ಟಿದ್ದಳು. ಅಷ್ಟರಲ್ಲಿ ನಾದಿನಿ ಒಳಗೆ ಬಂದಳು.

"ಅತ್ತಿಗೆ, ಅಣ್ಣನನ್ನ ಹೊರಗೆ ಮಲಗಿಸಿಟ್ಟು ಅಟ್ಟ ಹತ್ತೋ ಹೊತ್ತಾ ಇದು?"

"ಮಗಳ ಮದುವೆಗೆ ಹೊಲಿಸಿದ ಬಿಳಿ ಅಂಗಿ ಟ್ರಂಕಿನಲ್ಲಿದೆ. ಮಾಸಿದ ಅಂಗೀಲಿ ನಾನು ಕಳಿಸಲ್ಲ."

"ಸರಿ, ಇಳೀರಿ. ನಿಮ್ಮ ಸವತಿ ಬರ್ತಿದ್ದಾನಂತೆ. ಅವನು ತೆಗೀತಾನೆ."

ಮನೆಯವರೆಲ್ಲ ಸವತಿ ಎನ್ನುತ್ತಿದ್ದದ್ದು ಅವಳ ಗಂಡನ ಜೊತೆಗಾರನನ್ನು. ಇಬ್ಬರೂ ಲಿಫ್ಟ್ ರಿಪೇರಿಯವರು. ಗಂಡ ಏಣಿ ಹತ್ತುವವನು, ಅವನು ಬುಡ ಹಿಡಿಯುವವನು. ಆ ಹೆಸರಿಟ್ಟವಳು ಅವಳೇ. ನಗುತ್ತಲೇ ಇಟ್ಟಿದ್ದಳು, ಆದರೆ ಅದರಲ್ಲಿದ್ದದ್ದು ಬರೀ ನಗುವಾಗಿರಲಿಲ್ಲ.

"ಅವನು ಬೇಡ," ಎಂದಳು. ಇಳಿಯಲಿಲ್ಲ.

ಹೊರಗಿನ ಕೋಣೆಯಲ್ಲಿ ಬೇರೆಯೇ ಚಿಂತೆ ನಡೆದಿತ್ತು. ಮನೆ ನಾಲ್ಕನೆಯ ಮಹಡಿಯಲ್ಲಿ. ಹೆಣ ಮಲಗಿಸಿದ ಹಲಗೆ ಲಿಫ್ಟಿನೊಳಗೆ ಹಿಡಿಸುವುದಿಲ್ಲ.

"ಊರಿಗೆಲ್ಲ ಲಿಫ್ಟ್ ಓಡಿಸಿದೋನು. ಕೊನೆಗೆ ಅವನಿಗೇ ಮೆಟ್ಟಿಲು ಗತಿ ಆಯ್ತು ನೋಡಿ," ಎಂದ ಪಕ್ಕದ ಮನೆಯ ದರ್ಜಿ. "ಆದ್ರೂ ಪುಣ್ಯವಂತ. ಅಂಥ ಕೆಲಸ ಮಾಡಿ ನಿದ್ದೇಲಿ ಹೋದ. ಕೆಳಗಿನ ತುದಿ ಯಾರು ಹಿಡೀತೀರಿ? ಇಳಿಯುವಾಗ ಭಾರವೆಲ್ಲ ಆ ಕಡೆಗೇ."

"ಇನ್ಯಾರು, ಅವನ ಜೊತೆಗಾರ," ಎಂದರು ಯಾರೋ.

"ನನ್ನ ತಮ್ಮ ಹಿಡೀತಾನೆ," ಎಂದು ಅವಳು ಒಳಗಿನಿಂದಲೇ ಹೇಳಿದಳು. ತಮ್ಮ ತನ್ನ ಸೊಂಟ ಸವರಿಕೊಂಡು ಕಿಟಕಿಯ ಕಡೆ ನೋಡಿದ.

*

ಮದುವೆಯಾದ ಹೊಸತು. ಬಲ್ಬು ಹಾಕಲು ಗಂಡ ಏಣಿ ಹತ್ತುತ್ತಿದ್ದ. ಅವಳು ಓಡಿಬಂದು ಬುಡ ಹಿಡಿದಳು. ಅವನು ಹತ್ತಿದ್ದಷ್ಟೂ ಇಳಿದುಬಿಟ್ಟ.

"ನೀನು ಬಿಡು. ಅವನನ್ನ ಕರಿ."

"ಒಂದು ಬಲ್ಬಿಗೆ ಎದುರು ಬೀದಿಯಿಂದ ಆಳು ಬರಬೇಕಾ? ನನ್ನ ಕೈಗೇನು ಬಂದಿದೆ?"

"ಏನೂ ಬಂದಿಲ್ಲ. ಕರಿ."

ಜೊತೆಗಾರ ಬಂದ. ಏಣಿಯ ಕಾಲಿಗೆ ತನ್ನ ಪಾದ ಒತ್ತಿಟ್ಟು, ಎರಡೂ ಕೈಯಲ್ಲಿ ಹಿಡಿದು, ಮೇಲೆ ನೋಡುತ್ತ ನಿಂತ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೂ ವರ್ಷಗಟ್ಟಲೆ ಹಾಗೇ ನಿಂತು ನೋಡಿದಳು. "ಅವನು ಬುಡದಲ್ಲಿದ್ದರೆ ಏಣಿ ನೆಲದಿಂದಲೇ ಬೆಳೆದ ಹಾಗಿರುತ್ತೆ ಕಣೇ," ಎಂದು ಗಂಡ ಊಟದ ನಡುವೆ ಹೇಳುತ್ತಿದ್ದ. ಊಟದ ಬಗ್ಗೆ ಅಂಥದ್ದೊಂದು ಮಾತು ಅವನ ಬಾಯಿಂದ ಎಂದೂ ಬರಲಿಲ್ಲ.

ಸಂಜೆ ದೀಪ ಹಚ್ಚಿ ಗಂಡನನ್ನು ಕಾಪಾಡು ಎಂದು ಅವಳು ದೇವರನ್ನು ಬೇಡುತ್ತಿದ್ದಳು. ಕಾಪಾಡುತ್ತಿರುವವನು ಆ ಬುಡದವನಲ್ಲವೇ ಎಂದು ಮನಸ್ಸು ಚುಚ್ಚುತ್ತಿತ್ತು. ಆಗ ತಪ್ಪಾಯಿತೆಂದು ಇನ್ನೊಮ್ಮೆ ಕೈಮುಗಿಯುತ್ತಿದ್ದಳು.

*

ಜೊತೆಗಾರ ಒಳಗೆ ಬಂದ. ಅತ್ತು ಕಣ್ಣು ಊದಿದ್ದವು. ಏಣಿಯನ್ನು ಕಂಡದ್ದೇ ತಡ, ಕೈಗಳು ತಾವಾಗಿ ಬುಡಕ್ಕೆ ಹೋದವು.

"ಬಿಡಿ," ಎಂದಳು ಮೇಲಿನಿಂದ.

"ನೆಲ ನುಣುಪು ಅತ್ತಿಗೆ. ಜಾರುತ್ತೆ."

"ಜಾರಲಿ. ಒಂದು ದಿನಾನೂ ನನಗೆ ಹಿಡಿಯೋಕೆ ಬಿಡಲಿಲ್ಲ ಇವರು. ಅಷ್ಟು ಕೈಲಾಗದೋಳಾ ನಾನು?"

ಅವನು ಕೈ ತೆಗೆಯಲಿಲ್ಲ. ನೆಲ ನೋಡುತ್ತ ಹೇಳಿದ.

"ನಾವು ಕೆಲಸ ಕಲೀತಿದ್ದ ಕಡೆ ಒಬ್ಬ ಅಪ್ಪ, ಒಬ್ಬ ಮಗ ಇದ್ರು. ಲಿಫ್ಟಿನ ಗುಂಡಿಗೆ ಮಗ ಇಳೀತಿದ್ದ, ಅಪ್ಪ ಏಣಿ ಹಿಡಿದಿದ್ದ. ಜಾರ್ತು. ಮಗ ಹೋದ. ಅಪ್ಪ ಬದುಕಿದ್ದ, ಆದ್ರೆ ಬರೀ ತನ್ನ ಅಂಗೈ ನೋಡ್ಕೊಂಡು ಕೂತಿರ್ತಿದ್ದ. ಅದನ್ನ ನೋಡಿಯೇ ಅಣ್ಣ ನನಗೆ ಹೇಳಿದ್ದು. ಮನೆಯವರ ಕೈಗೆ ಏಣಿ ಕೊಡಬಾರದು ಕಣೋ, ಬಿದ್ದೋನು ಹೋಗ್ತಾನೆ, ಹಿಡಿದೋರು ಉಳೀತಾರೆ, ಅಂತ."

"ಮತ್ತೆ ನೀವು?"

"ನಾನು ಹೊರಗಿನೋನು. ಅದನ್ನ ನನ್ನ ಮುಖದ ಮೇಲೇ ಹೇಳಿದ್ರು." ಮೂಗು ಒರೆಸಿಕೊಂಡ. "ನನಗೇನು ಹೊಟ್ಟೆ ಉರೀಲಿಲ್ಲ ಅಂದ್ಕೊಂಡ್ರಾ?"

ಅವಳು ನಿಧಾನವಾಗಿ ಇಳಿದಳು. ಅವನ ಎದುರು ನಿಂತಳು.

"ಇದನ್ನೂ ನಿಮಗೇ ಹೇಳಿದ್ರಾ? ನನಗೊಂದು ಮಾತು ಹೇಳಬಾರದಿತ್ತಾ?"

ಅವನು ಏಣಿಯಿಂದ ಕೈ ತೆಗೆದ.

"ಹತ್ತಿ," ಎಂದಳು. "ಟ್ರಂಕು ಎಡಕ್ಕಿದೆ, ಅಂಗಿ ಮೇಲೇ ಇದೆ."

"ನಾನು ಹತ್ತಿ ಎಷ್ಟೋ ಕಾಲ ಆಯ್ತು ಅತ್ತಿಗೆ. ಬುಡಕ್ಕೆ ಯಾರು?"

"ನಾನು."

ಅವನು ಅವಳ ಮುಖ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಹತ್ತಿದ.

ಬಾಗಿಲಲ್ಲಿ ನಾದಿನಿ ಕಾಣಿಸಿಕೊಂಡಳು. "ಏನು, ಸವತಿಯರಿಗೆ ರಾಜಿ ಆಯ್ತಾ?"

"ಇಲ್ಲ," ಎಂದಳು ಅವಳು. ಏಣಿಯ ಕಾಲಿಗೆ ತನ್ನ ಪಾದ ಒತ್ತಿಟ್ಟು, ಎರಡೂ ಕೈಯಲ್ಲಿ ಹಿಡಿದು, ಮೇಲೆ ನೋಡುತ್ತ ನಿಂತಿದ್ದಳು.

"ಹೊತ್ತಾಯ್ತು, ಎತ್ತೋಣ್ವಾ?" ದರ್ಜಿಯ ಧ್ವನಿ ಬಂತು. "ಕೆಳಗಿನ ತುದಿಗೆ ನಿಮ್ಮ ತಮ್ಮ ತಾನೇ?"

"ತಡೀರಿ," ಎಂದಳು, ಕಣ್ಣು ಕೆಳಗಿಳಿಸದೆ. "ಅದನ್ನ ಹಿಡಿಯೋರು ಇನ್ನೂ ಮೇಲಿದ್ದಾರೆ."

ಬಿಳಿ ಅಂಗಿಯನ್ನು ಕಂಕುಳಲ್ಲಿ ಅವುಚಿಕೊಂಡು ಅವನು ಒಂದೊಂದೇ ಮೆಟ್ಟಿಲು ತಡವಿ ಇಳಿದ. ಅವನ ಎರಡೂ ಪಾದ ನೆಲ ಮುಟ್ಟಿದ ಮೇಲೂ ಅವಳ ಬೆರಳುಗಳು ಏಣಿಯನ್ನು ಬಿಟ್ಟಿರಲಿಲ್ಲ.