ರಿಪೇರಿಗೆ ಹೋದ ಆರ್ಕಿಡ್

ಮನೆಯಲ್ಲಿ ಅವಳನ್ನು ಮೆಲ್ಲಮ್ಮ ಎಂದು ಕರೆಯುತ್ತಿದ್ದರು. ಬಾಗಿಲು ಹಾಕುವುದು ಮೆಲ್ಲಗೆ, ಮೆಟ್ಟಿಲಿಳಿಯುವುದು ಮೆಲ್ಲಗೆ. ಫೋನಿನಲ್ಲಿ ‘ಹಲೋ’ ಎಂದರೆ, ಆಚೆ ಕಡೆಯವರು ಲೈನ್ ಕಟ್ಟಾಯಿತೆಂದು ಇಟ್ಟುಬಿಡುವಷ್ಟು ಮೆಲ್ಲಗೆ. ಸಸ್ಯಶಾಸ್ತ್ರದಲ್ಲಿ ಡಿಗ್ರಿ ಮುಗಿಸಿ ಮೂರು ಸಂದರ್ಶನಗಳಿಗೆ ಹೋಗಿ ಬಂದಿದ್ದಳು. ಮೂರರಲ್ಲೂ ಗೊತ್ತಿದ್ದ ಉತ್ತರ ಗಂಟಲವರೆಗೆ ಬಂದು, ಅಲ್ಲೇ ಕೂತು, ವಾಪಸು ಬಸ್ಸು ಹತ್ತಿದ ಮೇಲೆ ಹೊರಬಿದ್ದಿತ್ತು. ಆ ಉತ್ತರಗಳೆಲ್ಲ ಈಗ ಅವಳ ಡೈರಿಯಲ್ಲಿ ಭದ್ರವಾಗಿವೆ.

ನಾಲ್ಕನೆಯದು ಊರಾಚೆಯ ನರ್ಸರಿಯಲ್ಲಿ. ಅಲ್ಲಿನ ಮೇಡಂ ಗಟ್ಟಿ ದನಿಯ ಹೆಂಗಸು, ಮೊಣಕೈವರೆಗೆ ಮಣ್ಣು. ಐದು ನಿಮಿಷ ಕಾದರೂ ಹುಡುಗಿಯ ಬಾಯಿಂದ ಒಂದು ವಾಕ್ಯ ಹೊರಡದಿದ್ದಾಗ ಅವರು ಎದ್ದು ಹೋಗಿ, ಒಂದೇ ತಾಯಿಗಿಡದಿಂದ ಬಿಡಿಸಿದ ಆರು ಪುಟಾಣಿ ಆರ್ಕಿಡ್ ಸಸಿಗಳನ್ನು ತಂದು ಮೇಜಿನ ಮೇಲಿಟ್ಟರು. ಒಂದೊಂದೂ ಹೆಬ್ಬೆರಳಿಗಿಂತ ಗಿಡ್ಡ.

“ನೋಡಮ್ಮ, ಮಾತು ಬೇಡ. ಮನೆಗೆ ತಗೊಂಡು ಹೋಗು. ಒಂದು ವರ್ಷ ಟೈಮು. ಒಂದಾದ್ರೂ ಹೂ ಬಿಡಿಸಿ ತಾ, ಗಾಜಿನ ಮನೆಗೆ ನನಗೊಬ್ಬ ಅಸಿಸ್ಟೆಂಟ್ ಬೇಕು. ಜೊತೆಗೆ ದಿನಾ ಏನು ಮಾಡಿದೆ ಅಂತ ಬರೆದಿಟ್ಟ ಪುಸ್ತಕ. ಅಂದವಾಗಿ ಕಾಪಿ ಮಾಡಿದ್ದು ಬೇಡ, ಮಣ್ಣು ಮೆತ್ತಿದ್ದೇ ತಾ.”

ಬರೆಯುವ ಕೆಲಸವೆಂದರೆ ಮೆಲ್ಲಮ್ಮನಿಗೆ ನೀರು ಕುಡಿದಷ್ಟು ಸಲೀಸು. ಆರು ಸಸಿಗಳನ್ನೂ ಆರು ಜಾಮ್ ಬಾಟಲಿಗಳಲ್ಲಿ ಕೂರಿಸಿದಳು. ಎರಡಕ್ಕೆ ಪಾಚಿ, ಎರಡಕ್ಕೆ ತೊಗಟೆ ಚೂರು, ಎರಡಕ್ಕೆ ಇದ್ದಿಲು. ನೀರು ಇಂಜೆಕ್ಷನ್ ಸಿರಿಂಜಿನಲ್ಲಿ, ಎಣಿಸಿದ ಹನಿ. ಬಾಟಲಿಗಳ ಕುತ್ತಿಗೆಗೆ ಅಪ್ಪನ ಅಂಗಡಿಯ ಚೀಟಿಗಳನ್ನು ದಾರದಲ್ಲಿ ಕಟ್ಟಿ ಒಂದರಿಂದ ಆರರವರೆಗೆ ನಂಬರು ಹಾಕಿದಳು. ಅಪ್ಪ ಗಡಿಯಾರ ರಿಪೇರಿ ಮಾಡುವವನು. ಗಿರಾಕಿಯ ಪ್ರತಿ ವಾಚಿಗೂ ಅಂಥದೇ ಚೀಟಿ, ಅದರ ಮೇಲೆ ಬಂದ ಹೊತ್ತು, ಹೋದ ಹೊತ್ತು. ಆ ಅಭ್ಯಾಸ ಮಗಳಿಗೂ ಅಂಟಿತ್ತು. ಡೈರಿಯ ಪ್ರತಿ ಪುಟದ ನೆತ್ತಿಯಲ್ಲಿ ಬರೆಯಲು ಕೂತ ಸಮಯ, ಬುಡದಲ್ಲಿ ಎದ್ದ ಸಮಯ.

ಸಂಜೆಯಾದರೆ ಪೂರ್ವದ ಕಿಟಕಿಯ ಬಳಿಯ ಅವಳ ಮೇಜಿನ ದೀಪ ಹೊತ್ತಿಕೊಳ್ಳುತ್ತಿತ್ತು. ಅದರ ಸುತ್ತ ಅರ್ಧಚಂದ್ರದ ಹಾಗೆ ಬಾಟಲಿಗಳು, ನಡುವೆ ಡೈರಿ. ಬರೆಯುವಾಗ ಪಕ್ಕದಲ್ಲಿ ಯಾರಾದರೂ ಇರಬೇಕು, ಆದರೆ ಮಾತಾಡಿಸಬಾರದು. ಅಂಥ ಜೊತೆಗಾರರು ಆರ್ಕಿಡ್ ಬಿಟ್ಟರೆ ಬೇರೆ ಯಾರು ಸಿಕ್ಕಾರು? ಇಂತಿಷ್ಟು ಹನಿ, ಇಂತಿಷ್ಟು ಮಿಲಿಮೀಟರು ಎಂದು ಬರೆದ ಸಾಲಿನ ಕೆಳಗೇ ಅಮ್ಮನ ಗೊಣಗಾಟ, ಓರಗೆಯ ಗೆಳತಿಯ ಮದುವೆಗೆ ಹೋಗದೆ ತಪ್ಪಿಸಿಕೊಂಡದ್ದು, ಬಸ್ಸಿನಲ್ಲಿ ಕಂಡ ಯಾರದೋ ಮುಖ. ಗಿಡದ್ದೂ ಅವಳದ್ದೂ ಒಂದೇ ಪುಸ್ತಕ.

ಮೂರನೆಯ ತಿಂಗಳಲ್ಲಿ ಆರನೆಯ ನಂಬರಿನ ಸಸಿ ಸೊರಗಿತು. ಇದ್ದಿಲಿನ ಮೇಲೆ ಎಲೆಗಳು ಸುಕ್ಕುಗಟ್ಟಿ ಮಲಗಿದವು. ಅವಳು ಕಣ್ಣೊರೆಸಿಕೊಂಡು ಅದನ್ನು ಕಸದ ಡಬ್ಬಿಯ ಹತ್ತಿರ ಇಟ್ಟಿದ್ದಳು. ಬೆಳಿಗ್ಗೆ ಅಂಗಡಿಗೆ ಹೊರಟ ಅಪ್ಪ ಅದನ್ನೆತ್ತಿ ಕನ್ನಡಕದೊಳಗಿಂದ ನೋಡಿದ.

“ನಿಂತು ಹೋಗಿದೆ, ಒಡೆದಿಲ್ಲ,” ಎಂದ. “ರಿಪೇರಿಗೆ ಹಾಕ್ಕೊಂತೀನಿ ಬಿಡು.”

“ಹೂಂ, ಜನರ ಗಡಿಯಾರಾನೇ ಆರು ತಿಂಗಳು ಇಟ್ಕೋತೀರಿ, ಇನ್ನು ಗಿಡ ಬೇರೆ,” ಎಂದಳು ಅಮ್ಮ.

ಉಳಿದ ಐದು ಮಾತ್ರ ಭೇಷಾಗಿ ಬೆಳೆದವು. ಎಲೆ ದಪ್ಪ, ಬೇರು ಬೆಳ್ಳಗೆ. ಅದೇ ಕಿಟಕಿಯ ಕುಂಡದಲ್ಲಿದ್ದ ಕುಳ್ಳ ಬಿಗೋನಿಯಾ ಗಿಡ ಎರಡು ಸಲ ಹೂ ಬಿಟ್ಟು ಉದುರಿಸಿತು. ಆರ್ಕಿಡ್‌ಗಳು ಮಾತ್ರ ಎಲೆಯ ಮೇಲೆ ಎಲೆ ಇಟ್ಟವೇ ಹೊರತು ಮೊಗ್ಗಿನ ಸುದ್ದಿಯನ್ನೇ ಎತ್ತಲಿಲ್ಲ. ಅವಳು ಗೊಬ್ಬರ ಕಮ್ಮಿ ಮಾಡಿದಳು, ಹೆಚ್ಚು ಮಾಡಿದಳು, ನೀರು ಬದಲಿಸಿದಳು, ಮನಸ್ಸಿನಲ್ಲೇ ಬೈದಳು. ವರ್ಷ ಮುಗಿಯಲು ಎರಡೇ ದಿನ ಉಳಿದವು. ಹೂವಿಲ್ಲದೆ ಹೋದರೆ ಮಾತಾಡಬೇಕು. ಮಾತಾಡಬೇಕೆಂದರೆ ಈ ಕೆಲಸವೂ ಹೋದಂತೆಯೇ ಲೆಕ್ಕ.

ಆ ಮಧ್ಯಾಹ್ನ ಊಟದ ಡಬ್ಬಿ ಕೊಡಲು ಬಹಳ ದಿನಗಳ ಮೇಲೆ ಅಂಗಡಿಗೆ ಹೋದಾಗ ಅಪ್ಪ ತಲೆಯೆತ್ತದೆ ಹೇಳಿದ: “ನಿಮ್ಮ ಮಾಲು ರೆಡಿ ಇದೆ ಮೇಡಂ. ಚೀಟಿ ತಂದಿದೀರಾ?”

ಮುಂಗಟ್ಟಿನ ಗಾಜಿನ ಹಿಂದೆ, ನಿಂತುಹೋದ ಎರಡು ಅಲಾರಾಂ ಗಡಿಯಾರಗಳ ನಡುವೆ, ಆರನೆಯ ಬಾಟಲಿ. ಅದರೊಳಗೆ ಅಂಗಿಯ ಗುಂಡಿಯಷ್ಟು ದೊಡ್ಡ ಹೂವು, ಕೆಂಡದ ಕೆಂಪು. ಮೆಲ್ಲಮ್ಮನಿಗೆ ಖುಷಿಯಾಗುವ ಮೊದಲು ಹೊಟ್ಟೆ ಉರಿಯಿತು. ತಾನು ಹನಿ ಎಣಿಸಿದವು ಬೆಪ್ಪಾಗಿ ಕೂತಿವೆ. ತಾನು ಬಿಸಾಕಿದ್ದು ಹೂ ಬಿಟ್ಟಿದೆ!

“ಏನು ಹಾಕಿದೆಯಪ್ಪ ಇದಕ್ಕೆ?”

“ಏನೂ ಇಲ್ಲ. ನೆನಪಾದಾಗ ನೀರು.”

“ಐದನೇ ನಂಬರಿಗೂ ಇದ್ದಿಲೇ. ಅಲ್ಲೂ ಪೂರ್ವದ ಕಿಟಕಿ, ಇಲ್ಲೂ ಪೂರ್ವದ ಕಿಟಕಿ...”

ಅಪ್ಪ ಕಣ್ಣಿನ ಭೂತಗನ್ನಡಿ ತೆಗೆದಿಟ್ಟ. ಎರಡು ಗಡಿಯಾರ ಬೇರೆ ಬೇರೆ ಹೊತ್ತು ತೋರಿಸಿದರೆ ಹೇಗೆ ನೋಡುತ್ತಿದ್ದನೋ ಹಾಗೆ ಮಗಳನ್ನು ನೋಡಿದ. “ನಾನು ಆರಕ್ಕೆ ಶಟರ್ ಎಳೀತೀನಿ. ಬೆಳಿಗ್ಗೆ ಒಂಬತ್ತಕ್ಕೆ ಎತ್ತೋದು. ಅಲ್ಲೀವರೆಗೆ ಇದರೊಳಗೆ ಕಗ್ಗತ್ತಲು. ನೀನು ದೀಪ ಆರಿಸೋದು ಎಷ್ಟು ಗಂಟೆಗೆ?”

ಡೈರಿಯ ಪುಟಗಳ ಬುಡದಲ್ಲಿ ಬರೆದ ಗಂಟೆಗಳು ಅವಳಿಗೆ ನೆನಪಾದವು: ಹನ್ನೊಂದು, ಹನ್ನೊಂದೂವರೆ, ಹನ್ನೆರಡು. ಕೆಲವು ಗಿಡಗಳಿಗೆ ಹೂ ಬಿಡಲು ದೀರ್ಘವಾದ ಕತ್ತಲು ಬೇಕು; ನಡುವೆ ಬೆಳಕು ತಾಗಿದರೆ ಮೊಗ್ಗು ಕಟ್ಟುವುದಿಲ್ಲ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಿತ್ತು, ಪೂರ್ತಿ ಅಂಕವೂ ಬಂದಿತ್ತು. ಐದು ಗಿಡಗಳಿಗೆ ಅವಳು ವರ್ಷವಿಡೀ ನಿದ್ದೆ ಕೊಟ್ಟಿರಲಿಲ್ಲ. ಅವುಗಳ ಬಗ್ಗೆ ಬರೆಯುತ್ತ ಕೂತೇ ಅವು ಹೂ ಬಿಡದಂತೆ ನೋಡಿಕೊಂಡಿದ್ದಳು.

ಮನೆಯಲ್ಲಿ ಅಮ್ಮ ಇಡೀ ಕಥೆ ಕೇಳಿ ಕೈ ಝಾಡಿಸಿದಳು. “ಹೂ ಇದೆ ತಾನೇ? ತಗೊಂಡು ಹೋಗಿ ಮುಂದಿಡು. ಎಲ್ಲಿ ಬಿಟ್ಟಿತು, ಹೇಗೆ ಬಿಟ್ಟಿತು ಅಂತ ಯಾರು ಕೇಳ್ತಾರೆ? ಬಾಯಿ ಮುಚ್ಕೊಂಡಿದ್ರೆ ಆಯ್ತು. ನಿನಗೇನು ಅದು ಹೊಸದಾ?”

ಮೆಲ್ಲಮ್ಮನಿಗೂ ಹಾಗೇ ಅನ್ನಿಸಿತ್ತು. ಆದರೆ ಪುಸ್ತಕ? ಅದರಲ್ಲಿ ಆರನೆಯ ಸಸಿ ಮೂರನೆಯ ತಿಂಗಳಲ್ಲೇ ಸತ್ತಿದೆ. ಹೊಸ ನೋಟ್‌ಬುಕ್ ತೆಗೆದು ಗಿಡದ ಸಾಲುಗಳನ್ನಷ್ಟೇ ಇಳಿಸತೊಡಗಿದಳು. ಹನ್ನೊಂದು ಪುಟವಾದ ಮೇಲೆ ನೋಡಿದರೆ ಒಂದೇ ಶಾಯಿ, ಒಂದೇ ಕೈ, ಒಂದೇ ದಿನ ಕೂತು ಬರೆದ ವರ್ಷ. ಅವಳು ಪೆನ್ನು ಮುಚ್ಚಿದಳು; ಒಯ್ಯುವುದಾದರೆ ಹಳೆಯದನ್ನೇ. ತನ್ನ ತಪ್ಪಿಗೆ ಸಾಕ್ಷಿ ಎಂದರೆ ಹಳೆಯ ಡೈರಿಯ ನೆತ್ತಿಯ, ಬುಡದ ಆ ಗಂಟೆಗಳು. ಅವುಗಳ ನಡುವೆಯೇ ಅವಳ ಗುಟ್ಟುಗಳೆಲ್ಲ. ತೀರಾ ನಾಚಿಕೆಯ ಪುಟಗಳಿಗೆ ಅಪ್ಪನಿಂದ ಇಸಕೊಂಡ ಕ್ಲಿಪ್ಪುಗಳನ್ನು ಹಾಕಿದಳು. ಕ್ಲಿಪ್ಪು ಸಾಲಲಿಲ್ಲ.

ನರ್ಸರಿಯಲ್ಲಿ ಮೇಡಂ ಹೂವನ್ನು ಒಂದು ಕ್ಷಣ ನೋಡಿದರು, ಡೈರಿಯನ್ನು ಅರ್ಧ ಗಂಟೆ. ಪುಟ ಸರಿದಂತೆಲ್ಲ ಮೆಲ್ಲಮ್ಮನ ಕಿವಿ ಬಿಸಿಯಾಗುತ್ತಿತ್ತು. ಮೇಡಂ ಒಂದು ಕಡೆ ನಿಂತು ಗಟ್ಟಿಯಾಗಿ ಓದಿದರು: “‘ಮೇಡಂ ಮಾತಾಡಿದರೆ ಪೈಪಿನಲ್ಲಿ ನೀರು ಬಿಟ್ಟ ಹಾಗೆ, ಎದುರಿಗಿದ್ದವರು ನೆನೆದು ಮುದ್ದೆ.’ ಇದಕ್ಕೆ ಕ್ಲಿಪ್ಪು ಹಾಕೋದು ಮರೆತೆಯಾ?”

ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

“ಸರಿ, ಸತ್ತ ಗಿಡ ಹೇಗೆ ಹೂ ಬಿಡ್ತು ಹೇಳು.”

ಹೇಳಿದಳು. ಮೊದಲು ನೆಲಕ್ಕೆ, ಆಮೇಲೆ ಮೇಜಿಗೆ, ಕೊನೆಗೆ ಮೇಡಂ ಮುಖಕ್ಕೆ. ದೀಪ, ಶಟರು, ಗಂಟೆಗಳು. ಹೂ ಅಪ್ಪನ ಅಂಗಡಿಯದು, ತಪ್ಪು ತನ್ನದು.

“ಅಂದ್ರೆ ಕತ್ತಲಿಂದಲೇ ಹೂ ಬಂತು ಅಂತ ಗ್ಯಾರಂಟೀನಾ?”

“ಇಲ್ಲ ಮೇಡಂ. ಒಂದೇ ಗಿಡ. ಒಣಗಿಸಿದ್ದಕ್ಕೂ ಬಿಟ್ಟಿರಬಹುದು, ಅಂಗಡೀಲಿ ತಂಪು ಜಾಸ್ತಿ ಇರಬಹುದು. ಉಳಿದ ಐದರಲ್ಲಿ ಮೂರನ್ನ ಆರು ಗಂಟೆಗೆ ಡಬ್ಬ ಮುಚ್ಚಿ, ಎರಡನ್ನ ದೀಪದ ಹತ್ತಿರವೇ ಬಿಟ್ಟು, ನೀರು ಒಂದೇ ಸಮ ಕೊಟ್ಟು ಇನ್ನೊಂದು ಸಲ ನೋಡಬೇಕು.” ಇಷ್ಟು ಉದ್ದದ ಮಾತು ಅವಳ ಬಾಯಿಂದ ಬಂದದ್ದು ಅವಳಿಗೇ ಆಶ್ಚರ್ಯ.

ಮೇಡಂ ಡೈರಿ ಮುಚ್ಚಿ, ಕ್ಲಿಪ್ಪು ಹಾಕಿದ ಪುಟಗಳನ್ನು ತೆರೆಯದೆಯೇ ವಾಪಸು ಕೊಟ್ಟರು. ಅವಳನ್ನು ಗಾಜಿನ ಮನೆಯ ತುದಿಗೆ ಕರೆದೊಯ್ದರು. ಅಲ್ಲೊಂದು ಉದ್ದದ ಬೆಂಚು, ಅದರ ತುಂಬ ಇದೇ ಜಾತಿಯ ಗಿಡಗಳು, ಎಲ್ಲವೂ ದಷ್ಟಪುಷ್ಟ, ಒಂದರಲ್ಲೂ ಹೂವಿಲ್ಲ. “ಎರಡು ವರ್ಷ ಆಯ್ತು. ಗೊಬ್ಬರ ಬದಲಿಸಿದೆ, ಮದ್ದು ಹೊಡೆದೆ. ಕತ್ತಲಿನ ವಿಷಯ ನಾನೂ ಪುಸ್ತಕದಲ್ಲಿ ಓದಿದ್ದೆ, ಹೊಳೀಲೇ ಇಲ್ಲ.” ಗಾಜಿನಾಚೆಗೆ ಕೈ ತೋರಿಸಿದರು. ಮೂರು ಮಾರು ದೂರದಲ್ಲಿ ಕಾವಲುಗಾರನ ಗೂಡು, ಗೂಡಿನ ಮಾಡಿಗೆ ಒಂದು ಟ್ಯೂಬ್‌ಲೈಟು.

“ನಾಳೆಯಿಂದ ಬಾ. ಮೊದಲನೇ ಕೆಲಸ, ಅವನ ಹತ್ತಿರ ಹೋಗಿ ಆ ದೀಪದ ವಿಷಯ ಮಾತಾಡು. ಬರೆದುಕೊಟ್ಟರೆ ಆಗಲ್ಲ, ಅವನಿಗೆ ಓದೋಕೆ ಕನ್ನಡಕ ಇಲ್ಲ.”

ಕಾವಲುಗಾರ ಗೂಡಿನ ಮುಂದೆ ಕೂತು ಶೂ ಉಜ್ಜುತ್ತಿದ್ದ. ನಾಳೆಯವರೆಗೆ ಕಾದರೆ ಮಾತು ಮತ್ತೆ ಗಂಟಲಲ್ಲೇ ಕೂತುಬಿಡುತ್ತದೆಂದು ಅವಳಿಗೆ ಗೊತ್ತಿತ್ತು. ಡೈರಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಹಸಿ ಇಟ್ಟಿಗೆಯ ಹಾದಿಯ ಮೇಲೆ ನಡೆದು ಅವನೆದುರು ನಿಂತಳು.

“ಅಣ್ಣಾ,” ಎಂದಳು. ಅವನಿಗೆ ಕೇಳಿಸಲಿಲ್ಲ.

“ಅಣ್ಣಾ!” ಈ ಸಲ ಅವನು ತಲೆಯೆತ್ತಿದ. “ನೀವು ಈ ದೀಪ ದಿನಾ ಎಷ್ಟು ಗಂಟೆಗೆ ಹಾಕ್ತೀರಿ?”