ಎಣ್ಣೆ ಕುಡಿದ ಹಗ್ಗ

ಒಂದಾನೊಂದು ಕಾಲದಲ್ಲಿ ಸಮುದ್ರರಾಜನಿಗೆ ಒಬ್ಬಳೇ ಮಗಳು, ಆಕೆಯನ್ನು ಈ ಎರೆಹೊಲಗಳ ಊರಿಗೆ ಮದುವೆ ಮಾಡಿ ಕೊಟ್ಟರು, ಆಕೆ ತವರು ನೆನೆಸಿ ಅತ್ತಳು, ಅತ್ತು ಅತ್ತು ಬಾವಿಯ ನೀರೆಲ್ಲ ಸವಳಾಯಿತು — ಅದೇ ಬಾವಿಗೆ ಇಳಿಯುತ್ತಿದ್ದೇನೆ, ಮೂರನೆಯ ಮೆಟ್ಟಿಲು, ಕಲ್ಲು ತಣ್ಣಗಿದೆ, ಈಗ ಯಾಕೆ ಈ ಕಥೆ ನೆನಪಾಗಬೇಕು, ಕಥೆಯ ಕೊನೆಯಲ್ಲಿ ಆಕೆ ಇನ್ನೂ ಬಾವಿಯ ತಳದಲ್ಲೇ ಇದ್ದಾಳೆ, ಸುಳ್ಳು ಇಟ್ಟುಕೊಂಡು ಇಳಿದವರ ಮಣಿಕಟ್ಟು ಹಿಡಿಯುತ್ತಾಳೆ, ಅದನ್ನು ಹೇಳುವಾಗ ನನ್ನಜ್ಜಿ, ಆಯಿ, ನನ್ನ ಮಣಿಕಟ್ಟನ್ನೇ ಹಿಡಿಯುತ್ತಿದ್ದಳು, ಔಡಲೆಣ್ಣೆಯ ಕೈ, ಕೊಸರಿಕೊಂಡರೂ ಜಿಡ್ಡು ಉಳಿಯುತ್ತಿತ್ತು, ತೊಳೆಯಲು ಹೋದರೆ ನೀರು ಚರ್ಮಕ್ಕೆ ತಾಗದೆ ಹನಿಹನಿಯಾಗಿ ಮೇಲೆಯೇ ನಿಲ್ಲುತ್ತಿತ್ತು, ಇವತ್ತೂ ಹಿಡಿದಳಲ್ಲ, ಬೆಳಿಗ್ಗೆ ನನ್ನ ತಲೆಗೆ ಎಣ್ಣೆ ಹಚ್ಚಿ, ಅದೇ ಕೈಯಿಂದ ಮಣಿಕಟ್ಟು ಹಿಡಿದು, ಎಪ್ಪತ್ತೆಂಟು ವರ್ಷದ ನನ್ನ ಆಯಿ ದುರ್ಗವ್ವ, ನಗುತ್ತ — ಅಂಜಬ್ಯಾಡ ನಮ್ಮವ್ವ, ನಿನ್ನ ಹಗ್ಗ ಹರಿಯೂದಿಲ್ಲ, ಬಾವ್ಯಾಗ ಬಿಡೂ ಮುಂದ ನಾ ಅದಕ್ಕ ಹೊಟ್ಟಿ ತುಂಬ ಎಣ್ಣಿ ಕುಡಿಸೇನಿ. ಯಾವಾಗ ಬೇ, ಎಂದೆ. ನೀವೆಲ್ಲಾ ಚಾ ಕುಡ್ಯಾಕ ಹೋಗಿದ್ರಲ್ಲ, ಆವಾಗ. ಅದನ್ನು ಯಾರಿಗೂ ಹೇಳದೆ ಇಳಿಯುತ್ತಿದ್ದೇನೆ, ಏಳನೆಯ ಮೆಟ್ಟಿಲು.

ಮೇಲೆ ಬಾವಿಯ ಸುತ್ತ ತಲೆಗಳು, ನಡುವೆ ಬಿಳಿ ಅಂಗಿ ಇಸ್ರಾರ್ ಸಾಹೇಬರದು, ಕಾರವಾರದವರು, ಕಡಲನ್ನು ಕೆಡಿಸದ ಕಸುಬುಗಳನ್ನು ಹುಡುಕಿ ಬಂಡವಾಳ ಹಾಕುವ ಸಂಸ್ಥೆಯವರು, ನಿನ್ನೆ ಸಂಜೆ ಅಣ್ಣಿಗೇರಿಯಲ್ಲಿ ರೈಲು ಇಳಿದರು, ಮೂರು ತಿಂಗಳ ಹಿಂದೆ ಮೊದಲ ಸಲ ಬಂದಾಗ ಹೇಳಿದ್ದರು, ಕಡಲಪಾಚಿ ಬೆಳೆಯುವವರು ಪ್ಲಾಸ್ಟಿಕ್ ಹಗ್ಗ ಕಟ್ಟುತ್ತಾರಮ್ಮಾ, ಅದು ಸವೆದು ಚೂರಾಗಿ ಮೀನಿನ ಹೊಟ್ಟೆ ಸೇರುತ್ತದೆ, ನಿಮ್ಮ ಹತ್ತಿ ಹಗ್ಗ ಉಪ್ಪು ನೀರಿನಲ್ಲಿ ತೊಂಬತ್ತು ದಿನ ತಡೆದರೆ ಸಾಕು, ಎರಡು ಬೆಳೆ ಕೈಗೆ ಬರುತ್ತವೆ, ಆಮೇಲೆ ಕೊಳೆತರೂ ಕಡಲಿಗೆ ಕೇಡಿಲ್ಲ, ಆದರೆ ನೆನಪಿಡಿ, ಎಣ್ಣೆ ಬೇಡ, ಡಾಂಬರು ಬೇಡ, ಜಿಡ್ಡು ಪಾಚಿಗೆ ಆಗಿಬರುವುದಿಲ್ಲ. ಆಯಿ ಆಗ ಅಲ್ಲಿ ಇರಲಿಲ್ಲ. ಇದ್ದಿದ್ದರೂ ಕೇಳುತ್ತಿದ್ದಳೆ, ನಮ್ಮಲ್ಲಿ ಹೊಸ ಹಗ್ಗ ಎಣ್ಣೆ ಕುಡಿಯದೆ ಎತ್ತಿನ ಕೊರಳಿಗೆ ಹೋಗುವುದಿಲ್ಲ, ಕೊಡದ ಕುತ್ತಿಗೆಗೆ ಹೋಗುವುದಿಲ್ಲ, ಅದು ಹಗ್ಗಕ್ಕೆ ಮಾಡುವ ಮರ್ಯಾದೆ. ಕಡಲು ದೂರ, ಮೊದಲ ಪರೀಕ್ಷೆಗೆ ನಿಮ್ಮ ಸವಳು ಬಾವಿಯೇ ಆದೀತು ಎಂದಿದ್ದರು ಸಾಹೇಬರು, ಗಂಟು ನಾ ಹಾಕೀನ್ರಿ, ಬಿಚ್ಚಾಕಿನೂ ನಾನಽ, ಆಗಿದ್ದು ಆಗಿದ್ದಂಗ ಹೇಳಾಕಿನೂ ನಾನಽ ಎಂದಿದ್ದೆ, ಎಲ್ಲರೆದುರು, ದೊಡ್ಡ ದನಿಯಲ್ಲಿ, ಇವತ್ತಿಗೆ ತೊಂಬತ್ತು ದಿನ — ಏ ರೇಷ್ಮಾ, ಸಮುದ್ರಽ ನೋಡದಾಕಿ ಸಮುದ್ರಕ್ಕ ಹಗ್ಗ ಹೊಸೆದೀ, ಈಗ ಬಾವಿಗೆ ಅಂಜತೀ ಏನಲೇ, ಇದು ಮೇಲಿನಿಂದ ಸಾವಿತ್ರೆವ್ವ, ಹಗ್ಗ ಹೊಸೆಯುವ ನಮ್ಮ ಹೆಂಗಸರ ಸಂಘದ ಹಿರಿಯವಳು, ನಗುತ್ತ ನಗುತ್ತಲೇ ಕೆಮ್ಮು, ಇಪ್ಪತ್ತು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೆಮ್ಮು, ಹಗ್ಗ ಪಾಸಾದರೆ ನಮ್ಮ ಹದಿನೆಂಟು ಮಂದಿಗೆ ಮನೆಯಲ್ಲೇ ಹೊಸೆಯುವ ಕೆಲಸ, ಆ ಘಾಟಿನ ಗೋದಾಮಿಗೆ ಯಾರೂ ಹೋಗಬೇಕಿಲ್ಲ, ನಾನು ಬಾಯಿ ಬಿಟ್ಟರೆ ಆ ಕೆಮ್ಮು ಮತ್ತೆ ಗೋದಾಮಿಗೆ, ಬಿಡದಿದ್ದರೆ ಎಣ್ಣೆ ಕಾಣದ ಸಾವಿರ ಹಗ್ಗ ಕಡಲಿಗೆ, ಅವು ತಡೆಯುತ್ತವೋ ಇಲ್ಲವೋ ನನಗೇ ಗೊತ್ತಿಲ್ಲ, ನಡುವೆ ಕಡಿದರೆ ಅಲ್ಲಿ ಯಾವಳೋ ಒಬ್ಬಳು, ನನ್ನಂಥವಳೇ, ಸೊಂಟಮಟ್ಟ ನೀರಿನಲ್ಲಿ ನಿಂತು, ತನ್ನ ಬೆಳೆ ತೇಲಿ ಹೋಗುವುದನ್ನು ನೋಡುತ್ತ.

ನೀರು. ಮೊಣಕಾಲು, ತೊಡೆ, ಹಸಿರು ಕತ್ತಲೆ, ಗೋಡೆಯ ಕಲ್ಲಿಗೆ ಹಗ್ಗ ಬಿಗಿದ ಗಂಟು ನೀರಿನೊಳಗೆ ಮೊಳ ಆಳದಲ್ಲಿದೆ, ಕೈ ಇಳಿಸಬೇಕು, ಇಳಿಸಲಾರೆ, ಆಕೆ ಅಲ್ಲೇ ಇದ್ದಾಳೆ, ಹುಚ್ಚಿ, ಅದು ಕಥೆ, ಇಪ್ಪತ್ತಮೂರು ವರ್ಷದವಳು ನೀನು, ಆದರೂ ಬೆರಳು ಮಡಚಿಕೊಳ್ಳುತ್ತವೆ, ಸಿಕ್ತೇನಲೇ ಎಂದು ಮೇಲಿನಿಂದ ಯಾರೋ, ಸಿಗತೈತಿ ತಡೀರಿ ಎನ್ನುವ ನನ್ನ ದನಿ ಗೋಡೆಗೆ ಬಡಿದು ಇನ್ನೊಬ್ಬಳ ದನಿಯಾಗಿ ಹಿಂತಿರುಗುತ್ತದೆ, ಇಳಿಸಿದೆ, ಮೊಣಕೈವರೆಗೆ, ಲೋಳೆ, ಗಂಟು, ಎಳೆದೆ, ಜಗ್ಗಿದೆ — ಮಣಿಕಟ್ಟಿಗೆ ಏನೋ ಸುತ್ತಿಕೊಂಡಿತು, ತಣ್ಣಗೆ, ಮೆತ್ತಗೆ, ಬಿಡೇ ಬಿಡೇ ಹೇಳತೀನಿ ಬಿಡು, ಬಾಯಿ ಬಿಟ್ಟೇ ಅಂದೆನೋ ಏನೋ, ಅದು ಹಗ್ಗದ ತುದಿ, ನನ್ನದೇ ಹಗ್ಗ, ಗಂಟು ಬಿಚ್ಚಿತ್ತು.

ಮೆಟ್ಟಿಲು ಹತ್ತಿದ್ದು ಗೊತ್ತಾಗಲಿಲ್ಲ, ಬಿಸಿಲು, ಇಸ್ರಾರ್ ಸಾಹೇಬರು ಒಂದು ತುದಿ, ನಾಲ್ಕು ಹೆಂಗಸರು ಇನ್ನೊಂದು ತುದಿ, ಜಗ್ಗಿದರು, ಹಗ್ಗ ಎಳೆ ಕೂಡ ಬಿಚ್ಚಲಿಲ್ಲ, ಅಬ್ಬಾ ಎಂದರು ಸಾಹೇಬರು, ಬಗಲಿನ ಚೀಲದಿಂದ ಕರಾರಿನ ಕಾಗದ ತೆಗೆದರು, ಸಾವಿತ್ರೆವ್ವ ಆಗಲೇ ನನ್ನ ಕೆನ್ನೆ ಹಿಂಡುತ್ತಿದ್ದಾಳೆ, ಗೆದ್ದಿ ನೋಡಲೇ, ಗೆದ್ದಿ, ಆಯಿ ಕಟ್ಟೆಯ ಮೇಲೆ ಕುಳಿತು ಬೊಚ್ಚುಬಾಯಿ ತೆರೆದು ನಗುತ್ತಿದ್ದಾಳೆ, ಈ ನಗುವನ್ನು ನಾನೇ ನಂದಿಸಬೇಕು, ನಾಳೆ ಹೇಳಿದರಾಯಿತು, ಒಬ್ಬರಿಗೇ ಹೇಳಿದರಾಯಿತು, ಸಾಹೇಬರ ಪೆನ್ನಿನ ಮುಚ್ಚಳ ತೆರೆದ ಸದ್ದು — ಸಾಹೇಬ್ರ, ಹಗ್ಗಕ್ಕ ಎಣ್ಣಿ ಹಚ್ಚೇವ್ರಿ. ಔಡಲೆಣ್ಣಿ. ನನಗ ಮುಂಜಾನೆ ಗೊತ್ತಾತ್ರಿ. ಸಾವಿತ್ರೆವ್ವನ ಕೈ ಕೆನ್ನೆ ಬಿಟ್ಟಿತು. ಹೌದ್ರೀ ಸಾಹೇಬರ, ನಾನಽ ಹಚ್ಚೀನಿ, ಎರಡು ಸರ್ತಿ ಹಚ್ಚೀನಿ, ಎಂದಳು ಆಯಿ, ಇನ್ನೂ ನಗುತ್ತಲೇ. ಸಾಹೇಬರು ಪೆನ್ನು ಹಿಡಿದೇ ನಿಂತಿದ್ದಾರೆ, ಕಾಗದಕ್ಕೆ ಇನ್ನೂ ಸಹಿ ಬಿದ್ದಿಲ್ಲ, ಅವರ ಮುಖ ನೋಡಲಾರೆ, ಯಾರ ಮುಖವನ್ನೂ, ಹೇಳಿಯಾಯಿತು, ಬಿಚ್ಚಿಯಾಯಿತು, ಮಣಿಕಟ್ಟಿನ ಮೇಲೆ ಆಯಿಯ ಐದು ಬೆರಳಿನ ಜಿಡ್ಡು, ಅದರ ಮೇಲೆ ಬಾವಿಯ ನೀರು, ಒಂದು ಹನಿ, ಒಳಗೂ ಇಳಿಯದೆ, ಕೆಳಗೂ ಜಾರದೆ, ಒಂದೇ ಒಂದು ಹನಿ