ಎಕಂಬಾದಲ್ಲಿ ಮೂರು ದಿನ

ಸಿದ್ದೇಶ್ವರಿಗೆ ಮದುವೆ ಗೊತ್ತಾದ ಮೇಲೆ ಬೀದರಿನ ಹುಡುಗಿಯರ ಕಬಡ್ಡಿ ತಂಡದಲ್ಲಿ ಆರೇ ಜನ ಉಳಿದರು. ಏಳನೆಯವಳನ್ನು ಎಲ್ಲಿಂದ ತರುವುದೆಂದು ನಾಯಕಿ ಮೇಘಾ ತಲೆ ಕೆಡಿಸಿಕೊಂಡಿದ್ದಳು. ದಿನಾಲೂ ಸಂಜೆ ಮೈದಾನದ ಕಟ್ಟೆಯ ಮೇಲೆ ಕೂತು ಆಟ ನೋಡುತ್ತಿದ್ದ ವಿದೇಶಿ ಹುಡುಗಿಯನ್ನು ಕೈ ಮಾಡಿ ಕರೆದವಳು ತಂಡದ ಕರುಣಾ.

ಹುಡುಗಿಯ ಹೆಸರು ತುಮೈನಿ. ತಾಂಜಾನಿಯಾದಿಂದ ಬಂದು ಫಾರ್ಮಸಿ ಓದುತ್ತಿದ್ದಳು. ಬಂದು ಎಂಟು ತಿಂಗಳಾಗಿದ್ದರೂ ಕಾಲೇಜಿನ ಹೊರಗೆ ಅವಳನ್ನು ಮಾತಾಡಿಸುತ್ತಿದ್ದವಳು ಬಾಡಿಗೆ ಕೋಣೆಯ ಮನೆಯೊಡತಿ ಖುರ್ಷಿದ ಬೇಗಂ ಒಬ್ಬಳೇ.

"ಇಕಿಗಿ ಕಬಡ್ಡಿ ಬರ್ತದೇನ?" ಎಂದಳು ಮೇಘಾ.

"ಕಾಲು ನೋಡು ಹ್ಯಾಂಗವ. ಕಲಿಸಿದ್ರ ಬರ್ತದ."

ಬಂತು. ಎರಡು ತಿಂಗಳಲ್ಲಿ ತುಮೈನಿ ಎಡಮೂಲೆಯ ಆಟಗಾರ್ತಿಯಾದಳು. ಅವಳ ಪಕ್ಕದಲ್ಲಿ ಕೈ ಹಿಡಿದು ನಿಲ್ಲುತ್ತಿದ್ದವಳು ಕರುಣಾ. ಕೆಂಪು ಮಣ್ಣಿನಲ್ಲಿ ಇಬ್ಬರ ಮೊಣಕಾಲೂ ಒಟ್ಟಿಗೇ ತರಚುತ್ತಿದ್ದವು. 'ಹಿಡಿ', 'ಬಿಡಬ್ಯಾಡ', 'ಹಿಂದ ನೋಡು', ಹೀಗೆ ಅವಳ ಕನ್ನಡ ಮೈದಾನದಲ್ಲೇ ಬೆಳೆಯಿತು. ಭಾಲ್ಕಿಯ ಪಂದ್ಯದಲ್ಲಿ ಯಾರೋ ಅವಳ ಬಣ್ಣ ಹಿಡಿದು ಕೂಗಿದಾಗ ಮೇಘಾ ಆಟ ನಿಲ್ಲಿಸಿ, "ಬಾರಪಾ, ಒಮ್ಮಿ ಒಳಗ ಬಂದು ಇಕಿ ಕೈಯಾಗ ಸಿಗು. ಆಮ್ಯಾಲ ನಿನ್ನ ಬಣ್ಣ ಏನಾಗ್ತದ ನೋಡೂಣು" ಎಂದಿದ್ದಳು. ಜನ ನಕ್ಕರು. ಹುಡುಗಿಯರು ಪಂದ್ಯವನ್ನೂ ಗೆದ್ದರು.

ಪಂದ್ಯ ಮುಗಿದ ಆ ಭಾನುವಾರವೇ ಕರುಣಾ ಗೆಳತಿಯನ್ನು ಭಾಲ್ಕಿಯಿಂದ ಔರಾದಿಗೆ ಹೋಗುವ ಬಸ್ಸು ಹತ್ತಿಸಿ, ಎಕಂಬಾ ಹಳ್ಳಿಯ ತನ್ನ ಮನೆಗೆ ಕರೆದೊಯ್ದಳು. ಒಂದು ರಾತ್ರಿ ಇದ್ದು ಬರುವುದು ಎಂದಾಗಿತ್ತು. ಸೋಮವಾರ ಬೆಳಿಗ್ಗೆ ಹೊಲದ ಬದುವಿನಿಂದ ಇಳಿಯುವಾಗ ತುಮೈನಿಯ ಕಾಲು ಉಳುಕಿತು. ಕರುಣಾಳ ತಾಯಿ ಕೇಶರಬಾಯಿ ಅರಿಶಿಣ ಸುಣ್ಣ ಕಲಸಿ ಪಟ್ಟು ಹಾಕಿದಳು. "ಈ ಕಾಲಿಲೆ ಎಲ್ಲಿಗಿ ಹೋಗ್ತಿ ಯವ್ವಾ, ಸುಮ್ಮ ಮಲ್ಕೋ" ಎಂದು ಇನ್ನೆರಡು ರಾತ್ರಿ ಇರಿಸಿಕೊಂಡಳು. ಖುರ್ಷಿದ ಬೇಗಂಗೆ ಫೋನ್ ಮಾಡಿ ತಿಳಿಸುವ ಕೆಲಸ ಕರುಣಾಳದು. ಅವಳು ಮರೆತಳು. ದಾರಿ ನೋಡಿ ನೋಡಿ ಹೆದರಿದ ಮುದುಕಿ, ಬುಧವಾರ ಬೆಳಿಗ್ಗೆ ಪೊಲೀಸರಿಗೆ ಹೇಳಿಬಿಟ್ಟಳು.

ಬುಧವಾರ ಸಂಜೆ ಗೆಳತಿಯರಿಬ್ಬರೂ ಬೀದರಿಗೆ ಮರಳಿದರು. ಗುರುವಾರ ತುಮೈನಿಯ ವಿಷಯವಾಗಿ ಕರುಣಾಳಿಗೆ ಅಲ್ಲಿನ ಠಾಣೆಯಿಂದ ಕರೆ ಬಂತು.

ಕರುಣಾ ಕಾನ್‌ಸ್ಟೇಬಲ್ ಹುದ್ದೆಯ ಪರೀಕ್ಷೆ, ಓಟ ಎಲ್ಲವನ್ನೂ ಮುಗಿಸಿ ಆಯ್ಕೆಯಾಗಿದ್ದಳು. ನಡತೆಯ ಬಗ್ಗೆ ಪೊಲೀಸ್ ವರದಿಯೊಂದೇ ಬಾಕಿ. ಅವರ ಮನೆತನದಲ್ಲಿ ಅದು ಮೊದಲನೆಯ ಸರಕಾರಿ ನೌಕರಿ. ಠಾಣೆಯ ಹೊರಗೆ ಬೇವಿನ ಮರದ ಕೆಳಗೆ ನಿಂತು ಅವಳು ಮೊಬೈಲಿನಲ್ಲಿ ಹುಡುಕಿದಳು. ವಿದೇಶಿಯರನ್ನು ಮನೆಯಲ್ಲಿ ಇರಿಸಿಕೊಂಡರೆ ಇಪ್ಪತ್ನಾಲ್ಕು ತಾಸಿನೊಳಗೆ ಪೊಲೀಸರಿಗೆ ತಿಳಿಸಬೇಕಂತೆ. ಕೆಳಗೆ ಜೈಲು ಎಂಬ ಮಾತೂ ಇತ್ತು. ಅದರಾಚೆ ಅವಳು ಓದಲಿಲ್ಲ. ತಂದೆ ಪಂಢರಿಗೆ ಫೋನ್ ಹಚ್ಚಿದಳು.

"ಅಪ್ಪಾ, ಯಾರರೆ ಕೇಳಿದ್ರ, ತುಮೈನಿ ಐತವಾರ ಬಂದು ಉಂಡು ಸಂಜಿ ಬಸ್ಸಿಗಿ ಹೋದ್ಳು ಅನ್ನು."

"ಯಾಕವಾ? ನಾವೇನ ಕಳ್ಳತನ ಮಾಡೀವೇನ?" ಎಂದ ಪಂಢರಿ. "ಮನಿಗಿ ಬಂದಾಕಿಗಿ ರೊಟ್ಟಿ ಹಾಕೀವಿ."

"ನನ್ನ ನೌಕರಿ ಹೋಗ್ತದಪ್ಪಾ."

"ಆತು" ಎಂಬ ಒಂದೇ ಮಾತು ಆ ಕಡೆಯಿಂದ ಬಂತು.

ಒಳಗೆ ಸಬ್ ಇನ್‌ಸ್ಪೆಕ್ಟರ್ ಸತೀಶಕುಮಾರ ಮೇಜಿನ ಹಿಂದೆ, ತುಮೈನಿ ಈ ಬದಿಯ ಕುರ್ಚಿಯಲ್ಲಿ. ಗೋಡೆಯ ಹತ್ತಿರ ಖುರ್ಷಿದ ಬೇಗಂ ಬುರ್ಖಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಕರುಣಾಳನ್ನು ಕಂಡದ್ದೇ ತುಮೈನಿಯ ಮುಖ ಅರಳಿತು.

"ಬಂದಳು ಸರ್. ಇವಳ ಮನೆ."

ಸತೀಶಕುಮಾರ ಕೇಳಿದ, "ಈಕಿ ಭಾನುವಾರದಿಂದ ಬುಧವಾರದ ತನಕ ನಿಮ್ಮ ಮನ್ಯಾಗಿದ್ಳೇನಮಾ?"

"ಇಲ್ರಿ ಸರ್. ಭಾನುವಾರ ಬಂದು ಉಂಡು, ಸಂಜಿ ಬೀದರ ಬಸ್ಸಿಗಿ ಹೋದ್ಳರಿ."

ತುಮೈನಿ ಮೊದಲು ನಕ್ಕಳು. ತನಗೆ ಕನ್ನಡ ಸರಿಯಾಗಿ ತಿಳಿಯಲಿಲ್ಲವೇನೋ ಎನ್ನುವ ಹಾಗೆ. ನಂತರ ಮೆಲ್ಲಗೆ ಹೇಳಿದಳು, "ಕರುಣಾ, ನಾನು ಅವ್ವನ ಹತ್ರ ಮಲಗಿದೆ. ಎಮ್ಮೆ ಇತ್ತು. ಕರು ಇತ್ತು. ಬಾಬಾಸಾಹೇಬರ ಫೋಟೋ, ಕೆಳಗೆ ಗಡಿಯಾರ."

"ಉಣ್ಣಾಕ ಬಂದಾಗ ನೋಡ್ಯಾಳ್ರಿ" ಎಂದಳು ಕರುಣಾ.

ತುಮೈನಿ ಬಗ್ಗಿ ಚಪ್ಪಲಿ ಬಿಚ್ಚಿದಳು. ಬಾತ ಹಿಮ್ಮಡಿಯ ಮೇಲೆ ಅರಿಶಿಣ ಇನ್ನೂ ಒಣಗಿ ಅಂಟಿಕೊಂಡಿತ್ತು. "ಅವ್ವ ಹಚ್ಚಿದ್ದು."

ಕರುಣಾ ಆ ಕಾಲನ್ನು ನೋಡಲಿಲ್ಲ. ಮೇಜಿನ ಮೇಲಿನ ಪೇಪರ್‌ವೇಟನ್ನು ನೋಡಿದಳು. "ಭಾಲ್ಕಿದಾಗ ಆಡುವಾಗ ಉಳುಕಿರಬೇಕ್ರಿ. ಅರಿಶಿಣ ರೂಮಿನ್ಯಾಗ ಹಚ್ಕೊಂಡಿರಬೇಕು."

ಸತೀಶಕುಮಾರ ಪಂಢರಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟ. ಪಂಢರಿ ಮಗಳು ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಹಿಂದಿನಿಂದ ಕೇಶರಬಾಯಿಯ ದನಿ ಬಂತು, "ಯಾರ್ರೀ ಅದು? ಹುಡುಗಿ ಕಾಲು ಹ್ಯಾಂಗ..." ಪಂಢರಿ ತಟ್ಟನೆ ಫೋನಿಟ್ಟ. ಸತೀಶಕುಮಾರ ಅಷ್ಟರಲ್ಲಿ ಬರೆಯತೊಡಗಿದ್ದ. ಕೇಳಿಸಿತೋ ಇಲ್ಲವೋ, ತಲೆ ಎತ್ತಲಿಲ್ಲ.

ಬರೆದು ಮುಗಿಸಿ ಹಾಳೆಯನ್ನು ಕರುಣಾಳ ಮುಂದೆ ತಳ್ಳಿದ. "ಸಹಿ ಮಾಡು. ನೀ ನಮ್ಮ ಇಲಾಖೆಗಿ ಬರಾಕಿ ಅಂತಲ್ಲ? ಛಲೋ ಆತು." ಅವನು ಕುರ್ಚಿಗೆ ಒರಗಿ ಆಕಳಿಸಿದ. "ನಿಮ್ಮ ಮನ್ಯಾಗೇ ಇದ್ದಿದ್ರ ಏನೂ ಫಿಕರ್ ಇರಲಿಲ್ಲ ನೋಡು. ಹಳ್ಳಿ ಮಂದಿಗಿ ಕಾಯ್ದೆ ಗೊತ್ತಿರಾಂಗಿಲ್ಲ. ತಡಾಗಿ ತಿಳಿಸೀವಿ ಅಂತ ಒಂದು ಅರ್ಜಿ ಬರಿಸ್ಕೊಂಡು ಬಿಡ್ತಿದ್ದೆ. ಈಗ ಮೂರು ದಿನ ಎಲ್ಲಿದ್ಳೋ, ಸುಳ್ಳು ಹೇಳ್ಯಾಳ ಅಂತ ಮ್ಯಾಲ ಬರೀಬೇಕು. ವೀಸಾ ಉಳಿಯೂದು ಕಷ್ಟ ಅದ."

ಪೆನ್ನು ಕರುಣಾಳ ಬೆರಳಲ್ಲಿ ನಿಂತಿತು.

ಒಂದು ಅರ್ಜಿ. ಬಾಯಿ ತೆರೆದರೆ ಈಗಲೂ ಆಗುತ್ತಿತ್ತು. ಆದರೆ ಈಗ ಬಾಯಿ ತೆರೆದರೆ ಸುಳ್ಳು ಹೇಳಿದವಳು ತಾನೇ ಎಂದಾಗುತ್ತದೆ, ತಂದೆಯೂ ಸುಳ್ಳುಗಾರನಾಗುತ್ತಾನೆ. ನಡತೆಯ ವರದಿ ಬರೆಯುವವರೂ ಇದೇ ಠಾಣೆಯವರು. ಪಕ್ಕದಲ್ಲಿ ತುಮೈನಿಯ ಉಸಿರು ಕೇಳುತ್ತಿತ್ತು. ಸಾಹೇಬರು ವೇಗವಾಗಿ ಆಡಿದ ಕನ್ನಡದಲ್ಲಿ ಅವಳಿಗೆ ವೀಸಾ ಎಂಬುದು ತಿಳಿದಿತ್ತು. ಅರ್ಜಿಯ ಮಾತು ತಿಳಿದಿರಲಿಲ್ಲ. ಕರುಣಾ ಅದನ್ನೂ ಗಮನಿಸಿದಳು. ಗಮನಿಸಿ, ಸಹಿ ಹಾಕಿದಳು.

ಹೊರಗೆ ಬಿಸಿಲು. ಮೆಟ್ಟಿಲಿಳಿಯಲು ತುಮೈನಿ ಗೋಡೆ ಹಿಡಿದಳು. ಕರುಣಾ ಎರಡು ಹೆಜ್ಜೆ ಹಿಂದೆಯೇ ಉಳಿದಳು. ಖುರ್ಷಿದ ಬೇಗಂ ಕರುಣಾಳನ್ನು ತೋಳು ಹಿಡಿದು ಬದಿಗೆ ಕರೆದಳು.

"ಬೇಟಿ, ಒಳಗ ಏನರೆ ಹೇಳಿರು. ನನಗ ಖರೇ ಹೇಳು. ಪೋರಿ ಮೂರು ದಿನ ಎಲ್ಲಿದ್ಳು? ನಾ ಸಿಟ್ಟಿಲೆ ಠಾಣಾಕ ಬಂದಿಲ್ಲವಾ, ಅಂಜಿಕಿಲೆ ಬಂದೀನಿ. ನಿನ್ನ ಬಿಟ್ರ ಇಕಿಗಿ ಈ ಊರಾಗ ಯಾರದಾರ?"

ಇಲ್ಲಿ ಹಾಳೆ ಇರಲಿಲ್ಲ, ಪೆನ್ನಿರಲಿಲ್ಲ. ಆದರೆ ಬಾಗಿಲ ಬಳಿ ಪೊಲೀಸನೊಬ್ಬ ಬೀಡಿ ಸೇದುತ್ತ ನಿಂತಿದ್ದ.

"ಗೊತ್ತಿಲ್ಲ ಚಾಚಿ."

"ಬಿಲ್ಕುಲ್ ಗೊತ್ತಿಲ್ಲ?"

"ಇಲ್ಲ."

ಮುದುಕಿ ಅವಳ ತೋಳು ಬಿಟ್ಟಳು. ಮೆಟ್ಟಿಲ ಬುಡಕ್ಕೆ ಹೋಗಿ, ತುಮೈನಿಯ ಮುಖ ನೋಡದೆ, ಕೈ ಚಾಚಿದಳು.

"ಮನ್ಯಾಗ ವಯಸ್ಸಿಗಿ ಬಂದ ಮೊಮ್ಮಗಳದಾಳವಾ. ಎಲ್ಲಿದ್ಳೋ ಗೊತ್ತಿಲ್ಲದಾಕಿನ್ನ ಹ್ಯಾಂಗ ಇಟ್ಕೊಳ್ಳಿ? ಚಾವಿ ಕೊಡು. ಸಾಮಾನು ಸಂಜಿಗಿ ಒಯ್ಯಿ."

'ಚಾವಿ' ತುಮೈನಿಗೆ ತಿಳಿಯುತ್ತಿತ್ತು. ಅವಳು ಚೀಲದೊಳಗೆ ಕೈ ಹಾಕಿ ಹುಡುಕಿದಳು. ಕೀಲಿಕೈ ಬೇಗ ಸಿಗಲಿಲ್ಲ. ಚೀಲವನ್ನು ಮೆಟ್ಟಿಲ ಮೇಲಿಟ್ಟು ಪುಸ್ತಕ, ನೀರಿನ ಬಾಟಲಿ, ಕೇಶರಬಾಯಿ ರೊಟ್ಟಿಗೆಂದು ಕಟ್ಟಿಕೊಟ್ಟಿದ್ದ ಶೇಂಗಾ ಹಿಂಡಿಯ ಪೊಟ್ಟಣ ಒಂದೊಂದಾಗಿ ಹೊರಗಿಟ್ಟು, ತಳದಿಂದ ಕೀಲಿಕೈ ತೆಗೆದು ಕೊಟ್ಟಳು. ಕರುಣಾಳ ಕಡೆ ತಿರುಗಿ ನೋಡಲಿಲ್ಲ.